ಕೊಡಗಿನ ಗುಜರಿಯಲ್ಲಿ ಹಳೇ ಮೆಷಿನ್, ಹಳೇ ಪಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಹೊಲಿಗೆ ಮೆಷಿನ್, ಹಿತ್ತಾಳೆ ಪಾತ್ರೆ, ಗುಂಡಿ ಡಬ್ಬಿ, ಜರಿ ಸೀರೆ ಹುಡುಕಿಕೊಂಡು ಮಡಿಕೇರಿ, ವಿರಾಜಪೇಟೆ ಕಡೆ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಬಳಸುವುದಕ್ಕೆ ಕೊಳ್ಳುವವರ ಕಡೆ. ಶೋಕಿಗೆ ಕೊಳ್ಳುವವರಿಗೂ ಇದರಿಂದ ಉಪಯೋಗ ಆಗಬಹುದು. ಆದರೆ ಅವರ ಮೇಲೆ ಸ್ವಲ್ಪ ಗೊಣಗಾಟ ಇರುತ್ತದೆ.

ಕೊಡಗಿನಲ್ಲಿ ಥ್ರಿಫ್ಟ್ ಶಾಪ್ ಇದೆಯಾ?

ವಿದೇಶದಲ್ಲಿ ಇರುವಂಥದ್ದು, ಅಂದರೆ ಜನ ದಾನ ಕೊಟ್ಟ ಸಾಮಾನನ್ನು ಜೋಡಿಸಿಟ್ಟು, ಬೆಲೆ ಚೀಟಿ ಅಂಟಿಸಿ ಮಾರುವ ಅಂಗಡಿ ನಮ್ಮಲ್ಲಿ ಹುಡುಕಬೇಡಿ. ನಮ್ಮಲ್ಲಿ ಅದೇ ಕೆಲಸವನ್ನು ನಾಲ್ಕೈದು ಥರದ ಜನ ಹಂಚಿಕೊಂಡಿದ್ದಾರೆ.

ಮೊದಲನೆಯದು ಗುಜರಿ ಅಂಗಡಿ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಎಲ್ಲಾ ಕಡೆ ಇವೆ. ಇಲ್ಲಿ ಎಲ್ಲವೂ ತೂಕದ ಲೆಕ್ಕ. ಎರಡನೆಯದು ಹಳೇ ಹಿತ್ತಾಳೆ, ತಾಮ್ರ ತೆಗೆದುಕೊಂಡು ಹೊಸ ಸ್ಟೀಲ್ ಕೊಡುವ ಪಾತ್ರೆ ಅಂಗಡಿ. ಎದುರಿಗೆ ಸ್ಟೀಲ್ ಹೊಳೆಯುತ್ತಿರುತ್ತದೆ, ಹಿಂದಿನ ಕೋಣೆಯಲ್ಲಿ ಗೋಣಿಚೀಲದೊಳಗೆ ಹಳೇದು ಕೂತಿರುತ್ತದೆ. "ಹಿಂದೆ ಏನಾದ್ರೂ ಇದೆಯಾ ಅಣ್ಣಾ?" ಅಂತ ಕೇಳದಿದ್ದರೆ ಯಾರೂ ತೋರಿಸುವುದಿಲ್ಲ. ಮೂರನೆಯದು ಹಳೇ ಫರ್ನಿಚರ್ ಅಂಗಡಿ. ತೋಟದ ಬಂಗಲೆಗಳು ಕೈ ಬದಲಾಯಿಸಿದಾಗ, ಹಳೇ ಮನೆ ಕೆಡವಿ ಹೊಸದು ಕಟ್ಟಿದಾಗ ಮಂಚ, ಬೀರು, ಮೆಷಿನ್ ಎಲ್ಲ ಒಟ್ಟಿಗೆ ಇಲ್ಲಿಗೆ ಬರುತ್ತವೆ.

ನಾಲ್ಕನೆಯವರನ್ನು ಎಲ್ಲರೂ ಮರೆಯುತ್ತಾರೆ: ಹೊಲಿಗೆ ಮೆಷಿನ್ ರಿಪೇರಿಯವರು ಮತ್ತು ವಯಸ್ಸಾದ ಟೈಲರ್‌ಗಳು. ಯಾರ ಮನೆಯ ಅಟ್ಟದಲ್ಲಿ ಯಾವ ಮೆಷಿನ್ ಧೂಳು ತಿನ್ನುತ್ತಿದೆ ಅನ್ನುವುದು ಇವರಿಗೆ ಬಾಯಿಪಾಠ. ನನ್ನ ಅನುಭವದಲ್ಲಿ ಒಳ್ಳೆಯ ಮೆಷಿನ್ ಅಂಗಡಿಗೆ ಬರುವ ಮೊದಲೇ ಇವರ ಬಾಯಿಂದ ಬಾಯಿಗೆ ಹೋಗಿ ಮಾರಾಟ ಆಗಿರುತ್ತದೆ. ಟೀ ಕುಡಿಯುತ್ತಾ ಹತ್ತು ನಿಮಿಷ ಮಾತಾಡಿ, ನಂಬರ್ ಕೊಟ್ಟು ಬನ್ನಿ.

ಇನ್ನು ಸಂತೆ. ಮಡಿಕೇರಿಯದು ಶುಕ್ರವಾರ. ಶನಿವಾರಸಂತೆಯದು ಯಾವತ್ತು ಅಂತ ಹೇಳಬೇಕಾಗಿಲ್ಲ. ತರಕಾರಿ, ಒಣಮೀನು ದಾಟಿ ಅಂಚಿಗೆ ಹೋದರೆ ಕತ್ತಿ, ಸುತ್ತಿಗೆ, ಹಳೇ ಬೀಗ ಹರಡಿಕೊಂಡು ಕೂತವರು ಒಬ್ಬಿಬ್ಬರಾದರೂ ಸಿಗಬಹುದು. ಇದನ್ನೇ ನಂಬಿಕೊಂಡು ಬೆಂಗಳೂರಿನಿಂದ ಬರಬೇಡಿ.

ಯಾವ ತಿಂಗಳು ಬಂದರೆ ಒಳ್ಳೆಯದು?

ಮಳೆಗಾಲ ಬಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗುಜರಿ ಅಂಗಡಿಯ ಅಂಗಳವೆಲ್ಲ ಕೆಸರು. ಕಬ್ಬಿಣದ ಮೇಲೆ ಬೂದು ಬಣ್ಣ ಯಾವುದು, ತುಕ್ಕು ಯಾವುದು ಗೊತ್ತಾಗದು. ಬಟ್ಟೆ, ಮರ ಎಲ್ಲ ಬೂಷ್ಟು ವಾಸನೆ. ಪುತ್ತರಿ ಹಬ್ಬಕ್ಕೆ ಮುಂಚೆ ಮನೆ ಸ್ವಚ್ಛ ಮಾಡುವಾಗ ಸಾಮಾನು ಹೊರಬರುತ್ತದೆ, ಅಂದರೆ ನವೆಂಬರ್ ಹೊತ್ತು. ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್-ಏಪ್ರಿಲ್‌ನಲ್ಲಿ, ರಿಪೇರಿ-ಸುಣ್ಣಬಣ್ಣದ ಕಾಲದಲ್ಲಿ ಇನ್ನೊಂದು ಸುತ್ತು. ಏಪ್ರಿಲ್‌ನಲ್ಲಿ ಕೊಂಡದ್ದನ್ನು ಮಳೆ ಹಿಡಿಯುವ ಮೊದಲೇ ಬಿಸಿಲಿಗೆ ಹಾಕಿ ಒಣಗಿಸಬಹುದು ಅನ್ನುವುದು ದೊಡ್ಡ ಲಾಭ.

ಹಳೇ ಹೊಲಿಗೆ ಮೆಷಿನ್ ಸಿಕ್ಕಿತು. ಮೊದಲು ಏನು ನೋಡಬೇಕು?

ಬಣ್ಣ ನೋಡಬೇಡಿ. ಬಲಗಡೆಯ ಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿ. ತಿರುಗಿದರೆ, ಸೂಜಿ ಮೇಲೆ ಕೆಳಗೆ ಹೋದರೆ, ಅರ್ಧ ಕೆಲಸ ಆಯಿತು. ತಿರುಗದಿದ್ದರೂ ಕೈಬಿಡಬೇಡಿ. ಹೆಚ್ಚಿನ ಸಲ ಒಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ ಅಷ್ಟೇ. ಎಣ್ಣೆ ಬಿಡುವ ತೂತುಗಳಿಗೆಲ್ಲ ಸ್ವಲ್ಪ ಸೀಮೆಎಣ್ಣೆ ಹಾಕಿ ಒಂದೆರಡು ದಿನ ಬಿಟ್ಟು, ಮೆಲ್ಲಗೆ ಆಡಿಸಿ, ಆಮೇಲೆ ಮೆಷಿನ್ ಎಣ್ಣೆ ಕೊಟ್ಟರೆ ಬಹಳಷ್ಟು ಮೆಷಿನ್ ಬಿಟ್ಟುಕೊಳ್ಳುತ್ತವೆ. ಜೋರು ಮಾಡಿ ತಿರುಗಿಸಬೇಡಿ.

ಆಮೇಲೆ ಕಳೆದುಹೋಗುವ ಭಾಗಗಳನ್ನು ಹುಡುಕಿ. ಬಾಬಿನ್ ಕೇಸ್, ಅಂದರೆ ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ (ಬಾಬಿನ್) ಕೂರುವ ಡಬ್ಬಿ, ಇದೆಯಾ? ಸೂಜಿಯ ಕೆಳಗಿನ ಜಾರುವ ತಗಡು ಇದೆಯಾ? ಬಟ್ಟೆ ಒತ್ತಿ ಹಿಡಿಯುವ ಪ್ರೆಷರ್ ಫೂಟ್, ದಾರ ಬಿಗಿ ಮಾಡುವ ಟೆನ್ಷನ್ ಬಿಲ್ಲೆಗಳು, ಅದರ ಸ್ಪ್ರಿಂಗ್? ಚರ್ಮದ ಬೆಲ್ಟ್ ಇಲ್ಲ, ಬಾಬಿನ್ ಸುತ್ತುವಲ್ಲಿನ ರಬ್ಬರ್ ಉಂಗುರ ಇಲ್ಲ ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಎರಡೂ ಅಗ್ಗಕ್ಕೆ ಹೊಸದು ಸಿಗುತ್ತವೆ. ಎರಕದ ಕಬ್ಬಿಣ ಬಿರುಕು ಬಿಟ್ಟಿದ್ದರೆ ಮಾತ್ರ ನಮಸ್ಕಾರ ಹೇಳಿ ಬನ್ನಿ. ಅದನ್ನು ನೆಟ್ಟಗೆ ಬೆಸುಗೆ ಹಾಕುವವರು ಕಡಿಮೆ, ಹಾಕಿದರೂ ಆ ಜಾಗ ಮೊದಲಿನ ಹಾಗೆ ಇರುವುದಿಲ್ಲ.

ಹೋಗುವಾಗ ಬ್ಯಾಗಿನಲ್ಲಿ ಒಂದು ಹೊಸ ಸೂಜಿ, ಒಂದು ರೀಲು ದಾರ, ಎರಡು ತುಂಡು ಕಾಟನ್ ಬಟ್ಟೆ ಇರಲಿ. ಅಂಗಡಿಯಲ್ಲೇ ಹತ್ತು ಇಂಚು ಹೊಲಿದು ನೋಡಿದರೆ ಮಾರುವವರ ಮಾತು ಕೇಳುವ ಅಗತ್ಯವೇ ಇರುವುದಿಲ್ಲ.

ಯಾವ ಮೆಷಿನ್ ಕೊಂಡರೆ ಪಾರ್ಟ್ಸ್ ಸಿಗುತ್ತವೆ?

ಸಿಂಗರ್ 15 ಅನ್ನುವ ಮಾದರಿ, ಅಥವಾ ಅದರ ಅಚ್ಚಿನ ಮೇಲೆ ಬಂದದ್ದು. ಗುಂಡು ಬಾಬಿನ್, ಎಡಗಡೆಯಿಂದ ಹಾಕುವ ಬಾಬಿನ್ ಕೇಸ್. ನಮ್ಮ ದೇಶದ ಕಾಲಿನಿಂದ ತುಳಿಯುವ ಕಪ್ಪು ಮೆಷಿನ್‌ಗಳಲ್ಲಿ ಬಹುಪಾಲು ಇದೇ ವಂಶ. ಕಲ್ಕತ್ತದ ಜೇ ಇಂಜಿನಿಯರಿಂಗ್ ವರ್ಕ್ಸ್ ತಯಾರಿಸಿದ ಉಷಾ ಕೂಡ. ಲೂಧಿಯಾನದಲ್ಲಿ ಇವತ್ತಿಗೂ ಇದರ ಬಿಡಿಭಾಗಗಳು ರಾಶಿ ರಾಶಿ ತಯಾರಾಗುತ್ತವೆ. ಹಾಗಾಗಿ ಎಂಬತ್ತು ವರ್ಷದ ಹಿಂದಿನ ಮೆಷಿನ್‌ಗೆ ಇವತ್ತಿನ ಬಾಬಿನ್ ಕೇಸ್ ಕೂರುತ್ತದೆ. ಸೂಜಿಯೂ ಮಾಮೂಲಿ ಅಂಗಡಿ ಸೂಜಿಯೇ. ಮಾಮೂಲಿ ಬಟ್ಟೆಗೆ 14, ದಪ್ಪಕ್ಕೆ 16 ನಂಬರ್ ಕೇಳಿ.

ಇನ್ನು ಕೈಯಿಂದ ತಿರುಗಿಸುವ ಚಿಕ್ಕ ಸಿಂಗರ್ 28. ಇದರಲ್ಲಿ ಬಾಬಿನ್ ಉದ್ದ, ಸಪೂರ. ಅದು ಚೂಪು ಮೂತಿಯ ಶಟಲ್ ಒಳಗೆ ಕೂತು ಹಿಂದೆ ಮುಂದೆ ಓಡುತ್ತದೆ. ಶಟಲ್ ಇದ್ದರೆ ಕಣ್ಣು ಮುಚ್ಚಿ ಕೊಳ್ಳಿ, ಹೊಲಿಗೆ ಬಹಳ ಅಂದ. ಶಟಲ್ ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ತರಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಇದಕ್ಕೂ ಹಳೆಯದು ಪಿಟೀಲಿನ ಆಕಾರದ ತಳ ಇರುವ ಮೆಷಿನ್. ನೋಡಲು ಅದಕ್ಕಿಂತ ಚಂದದ್ದಿಲ್ಲ. ಆದರೆ ಅದರ ಸೂಜಿ ಬೇರೆ, ಅಂಗಡಿಯಲ್ಲಿ ಸಿಗುವುದಿಲ್ಲ. ಹೊಲಿಯಬೇಕು ಅನ್ನುವವರಿಗೆ ಅದು ಬೇಡ.

ಸಿಂಗರ್ ಎಷ್ಟು ಹಳೆಯದು ಅಂತ ತಿಳಿಯುವುದು ಹೇಗೆ?

ಬಲಗಡೆ ಕಂಬದ ಬುಡದಲ್ಲಿ, ತಳದ ಮೇಲೆ ಒಂದು ನಂಬರ್ ಒತ್ತಿರುತ್ತಾರೆ. ಬರೀ ಅಂಕಿ ಇದ್ದರೆ ಅದು 1900ಕ್ಕಿಂತ ಹಿಂದಿನದು. ಆಮೇಲೆ ಅಂಕಿಗಳ ಮುಂದೆ ಇಂಗ್ಲಿಷ್ ಅಕ್ಷರ ಬಂತು. ನಮ್ಮ ಕಡೆ ಆಗಾಗ ಕಾಣುವುದು ವೈ ಅಕ್ಷರ, ಮತ್ತೆ ಇಎ, ಇಬಿ ಥರದ ಜೋಡಿ ಅಕ್ಷರ. ಇವು ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯವು. ವೈ ಅಂದರೆ 1920-30ರ ದಶಕ, ಜೋಡಿ ಅಕ್ಷರ ಅದರ ನಂತರದ್ದು. ಜಿ ಇದ್ದರೆ ಅಮೆರಿಕದ ನ್ಯೂಜೆರ್ಸಿಯದು. ಕ್ಲೈಡ್‌ಬ್ಯಾಂಕ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ನಂಬರ್ ಮತ್ತು ವರ್ಷದ ಪಟ್ಟಿ ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ.

"ನೂರೈವತ್ತು ವರ್ಷದ್ದು ಸಾರ್" ಅಂತ ಅಂಗಡಿಯವರು ಹೇಳಿದರೆ ಸುಮ್ನೆ ನಕ್ಕು ನಂಬರ್ ನೋಡಿ. ಇನ್ನೊಂದು ವಿಷಯ. ಹಳೆಯದು ಅಂದ ಮಾತ್ರಕ್ಕೆ ದುಬಾರಿ ಆಗಬೇಕಿಲ್ಲ. ಸಿಂಗರ್ ಲಕ್ಷಗಟ್ಟಲೆ ಮೆಷಿನ್ ಮಾಡಿ ಪ್ರಪಂಚಕ್ಕೆಲ್ಲ ಹಂಚಿದ ಕಂಪನಿ. ಅದು ಅಪರೂಪದ ವಸ್ತುವೇ ಅಲ್ಲ.

ಕೊಬ್ಬರಿ ಎಣ್ಣೆ ಹಾಕಬಹುದಾ? ಮನೆಯಲ್ಲಿ ಅದೇ ಇದೆ.

ಬೇಡ. ಎಲ್ಲಾ ಕಡೆಯೂ ಬೇಡ, ಕೊಡಗಿನಲ್ಲಂತೂ ಬೇಡವೇ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನಲ್ಲಿ ಮಡಿಕೇರಿಯ ಬಚ್ಚಲಲ್ಲಿ ಎಣ್ಣೆ ಬಾಟಲಿ ಹೇಗಿರುತ್ತದೆ ಅಂತ ಗೊತ್ತಲ್ವಾ? ಮೆಷಿನ್ ಒಳಗೂ ಅದೇ ಕಥೆ. ಅಡುಗೆ ಎಣ್ಣೆ ಯಾವುದಾದರೂ ಕೊನೆಗೆ ಒಣಗಿ ಅಂಟಾಗುತ್ತದೆ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಬಣ್ಣವಿಲ್ಲದ ಮೆಷಿನ್ ಎಣ್ಣೆಯೇ ಸರಿ.

ಮೆಷಿನ್ ಮೇಲಿನ ಚಿನ್ನದ ಬಣ್ಣದ ಚಿತ್ತಾರ ಉಳಿಸಿಕೊಳ್ಳುವುದು ಹೇಗೆ?

ಅದೇ ಮೆಷಿನ್ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ, ಮೆಲ್ಲಗೆ ಒರೆಸಿ. ಸ್ಪಿರಿಟ್, ಸ್ಯಾನಿಟೈಸರ್, ಥಿನ್ನರ್ ಮುಟ್ಟಿಸಬೇಡಿ. ಚಿತ್ತಾರದ ಮೇಲೆ ಅರಗಿನ ವಾರ್ನಿಷ್ ಇರುತ್ತದೆ, ಆಲ್ಕೋಹಾಲ್ ಅದನ್ನು ಕರಗಿಸಿಬಿಡುತ್ತದೆ. ಸೋಪಿನ ನೀರಿನಲ್ಲಿ ಉಜ್ಜುವುದೂ ಬೇಡ.

ಬರೀ ಸ್ಟ್ಯಾಂಡ್ ಕೊಂಡು ವಾಷ್ ಬೇಸಿನ್ ಮಾಡಿಸಬಹುದಾ?

ಮಾಡಿಸಬಹುದು. ಕೊಡಗಿನ ಅರ್ಧ ಹೋಂಸ್ಟೇಗಳಲ್ಲಿ ಅದೇ ಇದೆ ಅನ್ನಿಸುತ್ತದೆ. ಆದರೆ ತಲೆ, ಅಂದರೆ ಮೇಲಿನ ಹೊಲಿಯುವ ಭಾಗ, ಸರಿ ಇರುವ ಮೆಷಿನ್‌ನಿಂದ ಸ್ಟ್ಯಾಂಡ್ ಬಿಚ್ಚಿಸಿ, ತಲೆಯನ್ನು ಗುಜರಿಗೆ ಎಸೆಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಒಬ್ಬ ಹೆಣ್ಣುಮಗಳು ಬ್ಲೌಸ್ ಹೊಲಿದು ಜೀವನ ಮಾಡಬಹುದಿತ್ತು. ಬೇಸಿನ್ ಬೇಕೇ ಬೇಕು ಅಂದರೆ ತಲೆ ಮೊದಲೇ ಹಾಳಾದ, ಅಥವಾ ತಲೆಯೇ ಇಲ್ಲದ ಸ್ಟ್ಯಾಂಡ್ ಕೇಳಿ. ಅಂಥದ್ದು ಗುಜರಿಯಲ್ಲಿ ಸಿಗುತ್ತದೆ, ಬೆಲೆಯೂ ಕಡಿಮೆ. ಹೋಂಸ್ಟೇಗೆ ಬೇಕು ಅಂತ ಮಾತ್ರ ಬಾಯಿಬಿಡಬೇಡಿ, ಬೆಲೆ ಅಲ್ಲೇ ಏರುತ್ತದೆ.

ಹೊಲಿಗೆಯ ಸಣ್ಣಪುಟ್ಟ ಸಾಮಾನಿನಲ್ಲಿ ಏನು ಕೊಳ್ಳಬೇಕು, ಏನು ಬಿಡಬೇಕು?

ಕತ್ತರಿ ಕೊಳ್ಳಿ. ಹಳೇ ಟೈಲರ್ ಕತ್ತರಿಯ ಉಕ್ಕು ಚೆನ್ನಾಗಿರುತ್ತದೆ, ಸಾಣೆ ಹಿಡಿಸಿದರೆ ಇನ್ನೊಂದು ತಲೆಮಾರು ಬರುತ್ತದೆ. ಮೀರತ್ ಕತ್ತರಿ ಸಿಕ್ಕರೆ ಬಿಡಬೇಡಿ. ಅಲ್ಲಿ ಹಳೇ ಲೋಹವನ್ನೇ ಕಾಯಿಸಿ ಬಡಿದು ಕತ್ತರಿ ಮಾಡುತ್ತಾರೆ, ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ಎರಡು ಅಲಗು ಸೇರುವ ತಿರುಪು ಸಡಿಲವಾಗಿದ್ದರೆ ಚಿಂತೆ ಇಲ್ಲ. ಅಲಗಿನಲ್ಲಿ ಹಲ್ಲು ಬಿದ್ದಿದ್ದರೆ ನೋಡಿ ಕೊಳ್ಳಿ.

ಗುಂಡಿಗಳು ಬಿಸ್ಕತ್ ಡಬ್ಬಿಯಲ್ಲಿ ಬರುತ್ತವೆ. ಡಬ್ಬಿಯನ್ನು ಪೂರ್ತಿ ಕೊಳ್ಳಿ, ಆರಿಸಲು ಕೂತರೆ ಅಂಗಡಿಯವರಿಗೆ ಅನುಮಾನ ಬರುತ್ತದೆ. ಚಿಪ್ಪಿನ ಗುಂಡಿ ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಹಾಗಿರುವುದಿಲ್ಲ. ಕೋಟಿನ ಹಿತ್ತಾಳೆ ಗುಂಡಿ, ಕೊಂಬಿನ ಗುಂಡಿ ಎಲ್ಲ ಇದೇ ಡಬ್ಬಿಗಳಲ್ಲಿ ಕಂಡದ್ದಿದೆ.

ಮರದ ರೀಲಿನ ದಾರ ನೋಡಲು ಚಂದ. ಆದರೆ ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಫಟ್ ಅಂತ ತುಂಡಾದರೆ ಹೊಲಿಯಲು ಬರುವುದಿಲ್ಲ, ರೀಲು ಇಟ್ಟುಕೊಳ್ಳಿ ಅಷ್ಟೇ. ಕಸೂತಿಯ ಆ್ಯಂಕರ್ ದಾರದ ಲಡಿಗಳು ಕತ್ತಲಲ್ಲಿ ಇಟ್ಟಿದ್ದರೆ ಚೆನ್ನಾಗಿಯೇ ಇರುತ್ತವೆ. ಕೆಂಪು ಮತ್ತು ಗಾಢ ಬಣ್ಣವನ್ನು ಒದ್ದೆ ಬಿಳಿ ಬಟ್ಟೆಗೆ ಒತ್ತಿ, ಬಣ್ಣ ಬಿಡುತ್ತದಾ ನೋಡಿ. ಸೂಜಿ ಪೊಟ್ಟಣ ತುಕ್ಕು ಹಿಡಿದಿದ್ದರೆ ಬೇಡ. ಎಲಾಸ್ಟಿಕ್ ಅಂತೂ ಯಾವ ಕಾರಣಕ್ಕೂ ಬೇಡ.

ಹಳೇ ಸೀರೆ, ಕೊಡವ ಗಂಡಸರ ಕುಪ್ಯ (ಉದ್ದ ಕೋಟು), ಚೇಲೆ (ಸೊಂಟಪಟ್ಟಿ) ಸಿಗುತ್ತವಾ?

ಸೀರೆ ಸಿಗುತ್ತದೆ. ಜರಿ ಸೀರೆಯನ್ನು ಬೆಳ್ಳಿಗಾಗಿ ಕೊಂಡು ಸುಡುವವರು ಊರೂರು ತಿರುಗುತ್ತಾರೆ. ಅವರಿಗಿಂತ ಮೊದಲು ನೀವು ತಲುಪಬೇಕು. ಅಸಲಿ ಜರಿ ಅಂದರೆ ಕೆಂಪು ರೇಷ್ಮೆ ನೂಲಿನ ಮೇಲೆ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನ ಹಿಡಿಸಿದ್ದು. ಅಂಚಿನ ಒಂದು ಎಳೆ ಉಗುರಿನಿಂದ ಕೆರೆದು ನೋಡಿ. ಒಳಗೆ ಕೆಂಪು ನೂಲು, ಸುತ್ತಲೂ ಬಿಳಿ ಲೋಹ ಕಂಡರೆ ಒಳ್ಳೆಯ ಲಕ್ಷಣ. ತಾಮ್ರದ ಬಣ್ಣ ಕಂಡರೆ, ಪ್ಲಾಸ್ಟಿಕ್ ಥರ ಸುಲಿದರೆ, ಅದು ಅಸಲಿ ಅಲ್ಲ. ರೇಷ್ಮೆ ಹೌದೋ ಅಲ್ಲವೋ ತಿಳಿಯಲು ಒಂದೆರಡು ಎಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ. ಕರಗಿ ಮಣಿಯಾದರೆ ನೈಲಾನ್ ಅಥವಾ ಪಾಲಿಯೆಸ್ಟರ್. ಅಂಗಡಿಯವರನ್ನು ಕೇಳಿಯೇ ಸುಡಿ ಮತ್ತೆ!

ಮಡಿಕೆಯ ಗೆರೆಯಲ್ಲಿ ಬೆಳಕಿಗೆ ಹಿಡಿದು ನೋಡುವುದು ಮುಖ್ಯ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಅಲ್ಲೇ ಸೀಳುತ್ತದೆ. ಸೀಳಿದ್ದರೂ ಅಂಚು, ಸೆರಗು ಕತ್ತರಿಸಿ ಬ್ಲೌಸ್‌ಗೆ, ದಿಂಬಿನ ಕವರ್‌ಗೆ ಬಳಸಬಹುದು.

ಕುಪ್ಯ, ಚೇಲೆ ಅಂಗಡಿಯಲ್ಲಿ ಕಾಣುವುದು ಅಪರೂಪ. ಅವು ಮನೆಯಲ್ಲಿ ಮಗನಿಗೆ, ಮೊಮ್ಮಗನಿಗೆ ಹೋಗುವಂಥವು. ಮದುವೆಗೆ ಬೇಕು ಅಂದರೆ ಹೊಲಿಸುವುದೇ ವಾಸಿ.

ಹಿತ್ತಾಳೆ ಯಾವುದು, ಕಂಚು ಯಾವುದು?

ಮೊದಲು ಜೇಬಿನಿಂದ ಅಯಸ್ಕಾಂತ ತೆಗೆಯಿರಿ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪನ. ಅಂಟದಿದ್ದರೆ ಬೆರಳ ಗೆಣ್ಣಿನಿಂದ ಬಡಿಯಿರಿ. ಕಂಚು ಅಂದರೆ ತಾಮ್ರ ಮತ್ತು ತವರ. ಗಂಟೆಯ ಹಾಗೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ನಾದ ಬೇಗ ಸಾಯುತ್ತದೆ. ಕಂಚು ಗಟ್ಟಿ, ಆದರೆ ಬಿದ್ದರೆ ಒಡೆಯುತ್ತದೆ. ಬಡಿದಾಗ ಬೊಕ್ಕ ಶಬ್ದ ಬಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ ಅಂತ ಅರ್ಥ.

ಅಡುಗೆಗೆ ಬಳಸುವುದಾದರೆ ಹಿತ್ತಾಳೆ, ತಾಮ್ರದ ಒಳಗೆ ಕಲಾಯಿ ಇರಲೇಬೇಕು. ಕಲಾಯಿ ಅಂದರೆ ತವರ, ಅದು 232 ಡಿಗ್ರಿಗೆ ಕರಗುತ್ತದೆ. ಹಾಗಾಗಿ ಖಾಲಿ ಪಾತ್ರೆಯನ್ನು ಒಲೆ ಮೇಲೆ ಮರೆಯಬೇಡಿ. ಕಲಾಯಿ ಹಾಕುವವರು ಈಗ ಕಡಿಮೆ. ಕೊಳ್ಳುವ ಮೊದಲೇ ಯಾರು ಹಾಕುತ್ತಾರೆ ಅಂತ ಆ ಅಂಗಡಿಯವರನ್ನೇ ಕೇಳಿಕೊಳ್ಳಿ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ), ಹುಣಸೆ ಬಿದ್ದ ಅಡುಗೆ ಕಲಾಯಿ ಇಲ್ಲದ ಪಾತ್ರೆಗೆ ಬೇಡ. ಕಾಚಂಪುಳಿ ಇಡುವುದಕ್ಕೆ ಗಾಜಿನ ಬಾಟಲಿಯೇ ಸರಿ, ಹಿತ್ತಾಳೆ ಚೊಂಬು ಎಷ್ಟೇ ಚಂದ ಇರಲಿ.

ಕೊಡಗಿನ ಅಡುಗೆಮನೆಯಿಂದ ಏನೇನು ಬರುತ್ತದೆ?

ನೂಲ್‌ಪುಟ್ಟು (ಅಕ್ಕಿ ಶ್ಯಾವಿಗೆ) ಒತ್ತುವ ಒರಳು, ಮರದ್ದೂ ಹಿತ್ತಾಳೆಯದ್ದೂ. ಹಿತ್ತಾಳೆಯದ್ದಾದರೆ ಬಿಲ್ಲೆ ಜೊತೆಗೇ ಇದೆಯಾ, ಒತ್ತುವ ಕಡ್ಡಿ ಓರೆಯಾಗದೆ ಇಳಿಯುತ್ತದಾ ನೋಡಿ. ಕಡಂಬುಟ್ಟು (ಅಕ್ಕಿ ಕಡುಬು) ಬೇಯಿಸುವ ದಪ್ಪ ಪಾತ್ರೆ. ತೆಂಗಿನಕಾಯಿ ತುರಿಯುವ ಈಳಿಗೆಮಣೆ. ಉಪ್ಪಿನಕಾಯಿ ಭರಣಿ, ಇದರ ಒಳಮೈಯ ಹೊಳಪು ಬಿರುಕು ಬಿಟ್ಟಿದ್ದರೆ ಹೂ ಇಡಲು ಮಾತ್ರ. ಸೇರು, ಪಾವು. ಇದ್ದಿಲು ಇಸ್ತ್ರಿ ಪೆಟ್ಟಿಗೆ. ಲಾಟೀನು.

ನನ್ನ ಕಣ್ಣು ಹೋಗುವುದು ಕಾಫಿ ಸಾಮಾನಿನ ಕಡೆಗೆ. ಕೈಯಿಂದ ತಿರುಗಿಸಿ ಹುರಿಯುವ ಡ್ರಮ್, ಮೇಜಿಗೆ ಬಿಗಿಯುವ ಎರಕದ ಗಿರಣಿ. ಬಂಗಲೆಗಳಿಂದ ಲಂಡನ್ನಿನ ಸ್ಪಾಂಗ್ ಕಂಪನಿಯ ಗಿರಣಿ ಬಂದರೆ ಅದೃಷ್ಟ. ಒಳಗಿನ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಚೂಪು ಇದ್ದರೆ ಇವತ್ತೇ ಪುಡಿ ಮಾಡಬಹುದು. ಸವೆದು ನುಣುಪಾಗಿದ್ದರೆ ಅದು ಶೋಕೇಸಿನ ವಸ್ತು.

ಹಳೇ ಡಬ್ಬಿ, ಲೇಬಲ್ ನೋಡಿ ಕಾಲ ಹೇಳಬಹುದಾ?

ಹೇಳಬಹುದು, ಇದೊಂದು ಮಜದ ಆಟ. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು, ಆ ವರ್ಷ ನಯಾಪೈಸೆ ಬಂತು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಮೈಸೂರು ರಾಜ್ಯ ಅಂತಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. ಕೂರ್ಗ್ ಅನ್ನುವುದು ಬರೀ ಜಿಲ್ಲೆಯಲ್ಲ, ರಾಜ್ಯ ಅನ್ನುವ ಹಾಗೆ ಅಚ್ಚಾಗಿದ್ದರೆ 1956ಕ್ಕಿಂತ ಹಿಂದಿನದು. ಪಶ್ಚಿಮ ಜರ್ಮನಿ ಅಂತ ಇದ್ದರೆ 1949 ಮತ್ತು 1990ರ ನಡುವಿನದು. ಮಡಿಕೇರಿಯ ಹಳೇ ಇಂಗ್ಲಿಷ್ ರೂಪವಾದ ಮರ್ಕೆರಾ ಅನ್ನುವ ಹೆಸರನ್ನು ನಂಬಿಕೊಂಡು ಕಾಲ ಹೇಳಬೇಡಿ, ಆ ಸ್ಪೆಲ್ಲಿಂಗ್ ಬಹಳ ವರ್ಷ ಬಳಕೆಯಲ್ಲಿತ್ತು.

ಏನನ್ನು ಮುಟ್ಟಲೇಬಾರದು?

ಜಿಂಕೆ ಕೊಂಬು, ಕಾಟಿ ತಲೆ, ಹುಲಿ ಚರ್ಮ, ಆನೆ ದಂತದ ಹಿಡಿ ಇರುವ ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಠಾರಿ). ಬಂಗಲೆ ಸಾಮಾನಿನ ಜೊತೆ ಇವು ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವುಗಳ ವ್ಯಾಪಾರ ಅಪರಾಧ. ತಾತನ ಕಾಲದ್ದು ಅನ್ನುವ ಮಾತು ನಿಮ್ಮನ್ನು ಉಳಿಸುವುದಿಲ್ಲ. ಹಳೇ ಕೋವಿಯೂ ಬೇಡ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಇರುವ ಕೋವಿ ಲೈಸೆನ್ಸ್ ವಿನಾಯಿತಿ ಅವರದ್ದು, ಗುಜರಿಯಲ್ಲಿ ಕೊಂಡವರದ್ದಲ್ಲ.

ಐನ್‌ಮನೆಯ (ಕೊಡವರ ಮೂಲ ಮನೆಯ) ತೂಕ್‌ಬೊಳ್‌ಚ ಅನ್ನುವ ತೂಗುದೀಪ, ದೇವಸ್ಥಾನದ ಗಂಟೆ, ವಿಗ್ರಹ ಯಾರಾದರೂ ಕದ್ದುಮುಚ್ಚಿ ತೋರಿಸಿದರೆ ಎದ್ದು ಬನ್ನಿ. ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ಐನ್‌ಮನೆಯ ನಡುಮನೆಯಲ್ಲಿ, ಹಿರಿಯರಿಗೆ ಹಚ್ಚುವ ದೀಪವನ್ನು ಯಾವ ಮನೆಯವರೂ ಸಂತೋಷದಿಂದ ಮಾರುವುದಿಲ್ಲ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ವಿದೇಶಕ್ಕೆ ಒಯ್ಯಲು ಕಾನೂನಿನ ಅಡ್ಡಿ ಇದೆ. ಹೊರದೇಶದ ಸಂಬಂಧಿಕರಿಗೆ ಉಡುಗೊರೆ ಅಂತ ಕೊಳ್ಳುವವರು ಇದನ್ನು ನೆನಪಿಡಿ.

ಹಳೇ ಫ್ಯಾನ್, ರೇಡಿಯೊ, ಕರೆಂಟ್ ಇಸ್ತ್ರಿ ಪೆಟ್ಟಿಗೆ?

ವೈರ್ ಬದಲಿಸದೆ ಪ್ಲಗ್ ಹಾಕಬೇಡಿ. ಅಷ್ಟೇ.

ಚೌಕಾಸಿ ಹೇಗೆ?

ಗುಜರಿಯಲ್ಲಿ ಆ ದಿನದ ಕಬ್ಬಿಣ, ಹಿತ್ತಾಳೆ, ತಾಮ್ರದ ಕಿಲೋ ರೇಟು ಮೊದಲು ಕೇಳಿ. ಅದು ತಳದ ಬೆಲೆ. ಅಂಗಡಿಯವರು ಕೊಂಡದ್ದೂ ಅದಕ್ಕಿಂತ ಕೆಳಗೇ. ತೂಕದ ಬೆಲೆಗಿಂತ ಸ್ವಲ್ಪ ಮೇಲೆ ಕೊಟ್ಟರೆ ಇಬ್ಬರಿಗೂ ಖುಷಿ. ಫರ್ನಿಚರ್ ಅಂಗಡಿಯಲ್ಲಿ ಈ ಲೆಕ್ಕ ನಡೆಯದು, ಅಲ್ಲಿ ನಿಮ್ಮ ಚಪ್ಪಲಿ, ಕಾರು ನೋಡಿ ಬೆಲೆ ಹೇಳುತ್ತಾರೆ. ಬೇಕಾದ ವಸ್ತುವನ್ನು ಕೊನೆಗೆ ಕೇಳಿ. ಮನೆಯವರಿಂದ ನೇರ ಕೊಳ್ಳುವಾಗ ಮಾತ್ರ ಜಾಸ್ತಿ ಎಳೆದಾಡಬೇಡಿ. ಅಜ್ಜಿ ಕಾಫಿ ಕೊಟ್ಟು, ಮೆಷಿನ್ ಕಥೆ ಹೇಳಿ, ಬೆಲೆ ಹೇಳಿದ ಮೇಲೆ ನೂರು ರೂಪಾಯಿಗೆ ಜಗಳ ಆಡುವುದು ನಮ್ಮ ಕಡೆ ಮರ್ಯಾದೆ ಅಲ್ಲ.

ಮಳೆಗಾಲದಲ್ಲಿ ಇವನ್ನೆಲ್ಲ ಕಾಪಾಡುವುದು ಹೇಗೆ?

ಮೆಷಿನ್‌ನ ಹೊಳೆಯುವ ಕಬ್ಬಿಣಕ್ಕೆಲ್ಲ ಮೇ ಕೊನೆಯಲ್ಲಿ ಎಣ್ಣೆ ಕೈ ಆಡಿಸಿ, ಹತ್ತಿ ಬಟ್ಟೆ ಹೊದೆಸಿ. ಪ್ಲಾಸ್ಟಿಕ್ ಹೊದೆಸಿದರೆ ಒಳಗೆ ನೀರು ಬೆವರುತ್ತದೆ. ಹೊರಗೋಡೆಗೆ ತಾಗಿಸಿ ಇಡಬೇಡಿ. ಮಳೆಯಲ್ಲಿ ಸುಮ್ಮನಿಟ್ಟ ಮೆಷಿನ್ ಹಿಡಿದುಕೊಳ್ಳುತ್ತದೆ, ವಾರಕ್ಕೊಮ್ಮೆಯಾದರೂ ಹೊಲಿಯಿರಿ. ರೇಷ್ಮೆಯನ್ನು ಹಳೇ ಪಂಚೆಯಲ್ಲಿ ಸುತ್ತಿ, ಮಡಿಕೆ ಬದಲಿಸುತ್ತಾ ಇರಿ. ನುಸಿಗುಳಿಗೆ ಜರಿಗೆ ತಾಗದಿರಲಿ. ಮರದ ಪೆಟ್ಟಿಗೆಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದರೆ ಹುಳ ಕೊರೆಯುತ್ತಿದೆ. ಅದನ್ನು ಬೇರೆ ಮರದ ಸಾಮಾನಿನಿಂದ ದೂರ ಇಡಿ, ಬಿಸಿಲು ಬಂದ ದಿನ ಹೊರಗೆ ಹಾಕಿ.

ನಮ್ಮ ಮನೆಯ ಹಳೇ ಮೆಷಿನ್ ಮಾರಬೇಕು. ಯಾರಿಗೆ ಕೊಡಲಿ?

ಗುಜರಿಗೆ ಹಾಕುವ ಮೊದಲು ಊರಿನ ಟೈಲರ್‌ಗೆ, ಹೊಲಿಗೆ ಕ್ಲಾಸ್ ನಡೆಸುವವರಿಗೆ, ಮಹಿಳಾ ಸಂಘದವರಿಗೆ ಒಂದು ಮಾತು ಹೇಳಿ. ಕಲಿಯುವ ಹುಡುಗಿಯರಿಗೆ ಕಾಲಿನಿಂದ ತುಳಿಯುವ ಮೆಷಿನ್ ಇವತ್ತಿಗೂ ಬೇಕು. ಕರೆಂಟ್ ಹೋದರೂ ನಿಲ್ಲದ ಮೆಷಿನ್ ಅದು, ಕೊಡಗಿನಲ್ಲಿ ಅದರ ಬೆಲೆ ಎಲ್ಲರಿಗೂ ಗೊತ್ತು. ಕೊಡುವ ಮುಂಚೆ ಡ್ರಾಯರ್‌ಗಳನ್ನು ಪೂರ್ತಿ ಹೊರಗೆಳೆದು ನೋಡಿ, ಹಿಂದೆ ಬಿದ್ದ ಮೂಗುತಿ, ಚೀಟಿ, ಫೋಟೊ ಇರಬಹುದು. ಅವನ್ನು ನೀವು ಇಟ್ಟುಕೊಳ್ಳಿ. ಬಾಬಿನ್ ಕೇಸ್ ಮತ್ತು ಹೆಚ್ಚುವರಿ ಫೂಟ್‌ಗಳು ಮಾತ್ರ ಮೆಷಿನ್ ಜೊತೆಗೇ ಹೋಗಲಿ.